ಒಂಬತ್ತು ಜನ ಹೊರುವ ಕಾರಿಗೆ ರೇಸಿನ ಕ್ಯಾಮ್‌ಶಾಫ್ಟ್

ಆ ಕ್ಯಾಮ್‌ಶಾಫ್ಟಿಗೆ ನಾನು ಕೊಟ್ಟದ್ದು ಆರುನೂರ ಇಪ್ಪತ್ತು ರೂಪಾಯಿ. ಕಂಪನಿಯ ಹೊಸದೇ ಅದರ ಅರ್ಧಕ್ಕೆ ಸಿಗುತ್ತಿತ್ತು. ಆದರೂ ಕೊಟ್ಟೆ, ಏಕೆಂದರೆ ರೇಸಿಗೆ ಓಡಿದ ಕಾರಿನಿಂದ ಬಿಚ್ಚಿದ್ದು ಎಂದು ದಾವಣಗೆರೆಯ ಗುಜರಿಯವನು ಹೇಳಿದ. ಸಾವಿರ ಎಂದವನನ್ನು ಅಷ್ಟಕ್ಕೆ ಇಳಿಸಿದೆನೆಂಬ ಹೆಮ್ಮೆ ಬೇರೆ.

ಎಂಬತ್ತರ ದಶಕದ ನಡುವಿನ ಮಾತು. ಹೊನ್ನಾಳಿಯಲ್ಲಿ ನನ್ನದೊಂದು ಹಳೆಯ ಪೆಟ್ರೋಲ್ ಕಾರು ಬಾಡಿಗೆಗೆ ಓಡುತ್ತಿತ್ತು. ಎಂಜಿನ್ನಿನ ವಾಲ್ವುಗಳನ್ನು ಎತ್ತಿ ಇಳಿಸುವ, ಮೈತುಂಬ ಉಬ್ಬುಗಳಿರುವ ಸರಳೇ ಈ ಕ್ಯಾಮ್‌ಶಾಫ್ಟ್. ನನ್ನದು ಸವೆದಿತ್ತು. ಕಾರು ಕೊಳ್ಳುವ ಮುಂಚೆ ನಾನು ಎತ್ತಿನ ದಲ್ಲಾಳಿ. ಹೆಗಲ ಮೇಲಿನ ಡುಬ್ಬ, ಅಂದರೆ ಹಿಣಿಲು, ಎತ್ತರವಿದ್ದ ಎತ್ತು ನೊಗಕ್ಕೆ ಗಟ್ಟಿ ಎಂಬುದು ನನ್ನ ಲೆಕ್ಕ. ಗುಜರಿಯಲ್ಲೂ ಉಬ್ಬು ಎತ್ತರವಿದ್ದದ್ದನ್ನೇ ಆರಿಸಿ, ದನದ ಸಂತೆಯ ರೂಢಿಯಂತೆ ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಹೇಳಿ ವ್ಯಾಪಾರ ಮುಗಿಸಿದೆ.

ಕಾರು ರಿಪೇರಿ ಮಾಡುವ ಚನ್ನಗಿರಿಯ ಮೇಸ್ತ್ರಿ ಅದನ್ನು ಸವರಿ ನೋಡಿ ಕೇಳಿದ: "ಅಣ್ಣಾ, ಗಾಡೀಲಿ ಎಷ್ಟ್ ಜನ ತುಂಬ್ತೀರಿ?"

"ಒಂಬತ್ತು. ಮೇಲೆ ಗಂಟು ಬ್ಯಾರೆ."

"ಇದು ಒಬ್ಬನ್ನ ಕೂರಿಸ್ಕೊಂಡು ಹಾರಾಕೆ ಮಾಡಿದ್ದು. ಹೊರಾಕಲ್ಲ."

"ನೀ ಹಾಕು ಮಾರಾಯ."

ಹಾಕಿದ. ಖಾಲಿ ಕಾರು ನಲ್ಲೂರಿನ ತನಕ ಬಾಣದ ಹಾಗೆ ಹೋಯಿತು.

ನ್ಯಾಮತಿಯ ಸೀರೆ ವ್ಯಾಪಾರದ ಅಕ್ಕ ಪ್ರತಿ ವಾರ ಜಗಳೂರು ಸಂತೆಗೆ ನನ್ನ ಕಾರಿನಲ್ಲೇ ಹೋಗುತ್ತಿದ್ದರು. ಆ ಒಂದು ಬಾಡಿಗೆಯ ಮೇಲೆ ನನ್ನ ಮನೆ ನಡೆಯುತ್ತಿತ್ತು. ಆ ವಾರ ಜನ, ಗಂಟು ಎಲ್ಲ ತುಂಬಿ ಹೊರಟೆವು. ಬಯಲು ರಸ್ತೆಯಲ್ಲಿ ಓಡಿತು. ಚಕ್ಕಡಿ ಅಡ್ಡ ಬಂದು ನಿಧಾನ ಮಾಡಿದರೆ ಸಾಕು, ಮತ್ತೆ ಎಳೆಯಲು ಒಲ್ಲೆನೆನ್ನುತ್ತಿತ್ತು. ಜಗಳೂರಿಗೆ ಇನ್ನೆರಡು ಮೈಲಿ ಇರುವಾಗ ಒಂದು ಸಣ್ಣ ಏರಿನಲ್ಲಿ ನಿಂತೇಬಿಟ್ಟಿತು. ಎಲ್ಲರೂ ಇಳಿದು ತಳ್ಳಿದರು.

"ಏನಪ್ಪಾ, ದುಡ್ಡು ಕೊಟ್ಟು ತಳ್ಳಾಕೆ ಬಂದಂಗಾತಲ್ಲ!" ಎಂದರು ಅಕ್ಕ. ಸಂತೆ ಮುಟ್ಟುವಷ್ಟರಲ್ಲಿ ಅವರ ಕಾಯಂ ಜಾಗದಲ್ಲಿ ಬಳೆಯವಳು ಕೂತಿದ್ದಳು. ಅಕ್ಕ ಕೂಗಾಡಲಿಲ್ಲ. "ಬರೋ ವಾರನೂ ಹಿಂಗಾದ್ರೆ ನಾ ಟೆಂಪೋ ನೋಡ್ಕಂತೀನಿ" ಎಂದಷ್ಟೇ ಹೇಳಿ ಬಿಸಿಲಿನಲ್ಲಿ ಗಂಟು ಬಿಚ್ಚಿದರು.

ಮರುದಿನ ಮೇಸ್ತ್ರಿಯ ಮುಂದೆ ನಿಂತೆ. ಅವನು ನಗುತ್ತಲೇ ತಿಳಿಸಿದ: "ಉಬ್ಬು ದೊಡ್ಡದಾದಷ್ಟೂ ವಾಲ್ವು ಜಾಸ್ತಿ ಹೊತ್ತು ತೆರ್ದಿರ್ತೈತೆ. ಎಂಜಿನ್ ಜೋರಾಗಿ ತಿರುಗಿದ್ರೆ ಚಲೋ. ನಿಧಾನಕ್ಕಾದ್ರೆ ಒಳಗೆ ಹೋದ ಗಾಳಿ, ಪೆಟ್ರೋಲು ಉರಿಯೋಕೆ ಮುಂಚೆ ಹಂಗೇ ಹೊರಗೆ. ನೀವು ಎತ್ತಿನ ಹಲ್ಲು ನೋಡ್ತೀರಿ, ಇದನ್ಯಾಕೆ ನೋಡ್ಲಿಲ್ಲ?" ಕಂಪನಿಯದನ್ನೇ ತಂದು ಹಾಕಿಸಿದೆ. ಮುಂದಿನ ವಾರ ಬಳೆಯವಳಿಗಿಂತ ಮೊದಲೇ ಅಕ್ಕನ ಚಾಪೆ ಹಾಸಿತ್ತು. ಅವರು ಹೊಗಳಲಿಲ್ಲ; ಸಂಜೆ ನ್ಯಾಮತಿಗೆ ಮರಳಿದಾಗ ಮುಂದಿನ ವಾರಕ್ಕೂ ಬರಹೇಳಿ ಇಳಿದರು. ನನಗೆ ಅಷ್ಟೇ ಬೇಕಿತ್ತು.

ನೀವೂ ಕ್ಯಾಮ್‌ಶಾಫ್ಟ್ ಬದಲಿಸುವವರಾದರೆ ನಿಮ್ಮ ಗಾಡಿ ಯಾವ ವೇಗದಲ್ಲಿ ಹೆಚ್ಚು ಹೊತ್ತು ಓಡುತ್ತದೆಂದು ಮೊದಲು ನೋಡಿಕೊಳ್ಳಿ. ಊರ ರಸ್ತೆಗೆ ಸಾಧಾರಣ ಉಬ್ಬೇ ಸಾಕು. ಈಗಿನ ಟರ್ಬೊ ಗಾಡಿಯಾದರೆ ಇನ್ನೂ ಎಚ್ಚರ: ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಎರಡೂ ವಾಲ್ವು ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚಾದರೆ, ಟರ್ಬೊ ಒತ್ತಿ ತುಂಬಿದ ಗಾಳಿ ಸೈಲೆನ್ಸರಿನ ಪಾಲು. ಮಾರುವವನ ಮಾತಿಗಿಂತ ಬಿಚ್ಚಿ ಕೂರಿಸುವವನ ಮಾತು ಕೇಳಿ. ಜನ ತುಂಬಿಸಿ, ಏರಿನಲ್ಲಿ ನಿಲ್ಲಿಸಿ ಹತ್ತಿಸಿ ನೋಡುವ ತನಕ ಮಾರಿದವನಿಗೆ ಪೂರ್ತಿ ದುಡ್ಡು ಕೊಡಬೇಡಿ.