ಗಂಟೆ ನನ್ನ ಕೈಯಲ್ಲಿತ್ತು

ಸಂಡಿಗೆಗೆಂದು ನೆನೆಹಾಕಿದ್ದ ಸಬ್ಬಕ್ಕಿಯನ್ನು ಮರೆತು ಎರಡು ದಿನ ಊರಿಗೆ ಹೋಗಿಬಂದೆ. ಬಾಗಿಲು ತೆಗೆದರೆ ಸೇಲಂನ ಈ ಸಣ್ಣ ಮನೆಯೆಲ್ಲ ಹುಳಿ ನಾತ. ಮಗಳು ಮೂಗು ಮುಚ್ಚಿಕೊಂಡು ತಮಿಳಿನಲ್ಲಿ ಬೈದಳು. ನಾನು ಮಾತ್ರ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತೆ. ಹದಿಮೂರು ವರ್ಷ ನನ್ನ ಸೀರೆಯಲ್ಲಿ, ಕೂದಲಲ್ಲಿ ಇದ್ದ ವಾಸನೆ ಅದು. ಅದರ ಹಿಂದೆಯೇ ದೊಡ್ಡವ್ವ ನೆನಪಾದಳು...

ದೊಡ್ಡವ್ವ ನನಗೆ ಬಂಧುವಲ್ಲ, ನಮ್ಮ ಕನ್ನಡದವರ ಕೇರಿಯವಳು. ಪಾಪಿರೆಡ್ಡಿಪಟ್ಟಿ ಕಡೆಯ ಒಂದು ಸಬ್ಬಕ್ಕಿ ಮಿಲ್ಲಿನಲ್ಲಿ ಹೆಂಗಸರ ಮೇಸ್ತ್ರಿಯಾಗಿದ್ದಳು. ಮರಗೆಣಸನ್ನು ಅರೆದು, ಹಾಲು ತೆಗೆದು, ಕಾಳು ಮಾಡಿ ಹುರಿದ ಮೇಲೆ ಸಿಮೆಂಟಿನ ಕಣದಲ್ಲಿ ಹರಡಿ ಒಣಗಿಸುವುದು ಅವಳ ಗುಂಪಿನ ಕೆಲಸ. ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಮಾಲೀಕರ ಮುಂದೆ ನಿಲ್ಲಿಸಿದವಳೂ ಅವಳೇ. "ನಮ್ಮ ಉಡುಗಿ ಸಾಮಿ, ಓದವ್ಳೆ. ಕುರ್ಚಿ ಮೇಲೆ ಕೂತು ಮಾಡೋ ಕೆಲ್ಸ ಕೊಡಿ" ಅಂದಳು. ಮಾಲೀಕರು ತಮಿಳರಾದರೂ ನಮ್ಮ ಹೆಂಗಸರಿಂದಲೇ ಕನ್ನಡ ಕಲಿತಿದ್ದರು. ನಕ್ಕು, ನನ್ನನ್ನು ಸೂಪರ್‌ವೈಸರ್ ಮಾಡಿದರು. ಇಪ್ಪತ್ತಮೂರು ವರ್ಷಕ್ಕೇ ನಾನು ದೊಡ್ಡವ್ವನ ಮೇಲಿನವಳಾದೆ.

ಅವಳು ಯಾರಿಗಾದರೂ ಕೆಲಸ ಹೇಳಿದ್ದನ್ನು ನಾನು ಕೇಳಿಲ್ಲ. ಕಣದ ಪಡುವಣ ಗೋಡೆಯ ಪಕ್ಕದ ಸಾಲು ಎಲ್ಲಕ್ಕಿಂತ ಕಷ್ಟದ್ದು. ಮಧ್ಯಾಹ್ನ ನೆಲವೂ ಸುಡುತ್ತದೆ, ಗೋಡೆಯೂ ಸುಡುತ್ತದೆ. ದೊಡ್ಡವ್ವ ಮೊದಲು ಆ ಸಾಲಿಗೆ ಇಳಿಯುತ್ತಿದ್ದಳು. ಮಿಕ್ಕವರು ತಾವಾಗಿ ಇಳಿಯುತ್ತಿದ್ದರು. ಯಾರಿಗಾದರೂ ಅವತ್ತು ಮೈ ಸರಿಯಿಲ್ಲದಿದ್ದರೆ ಅವರನ್ನು ನೆರಳಲ್ಲಿ ಗೆಣಸು ಸುಲಿಯಲು ಕಳಿಸಿ ಅವರ ಸಾಲನ್ನೂ ತಾನೇ ಕೆದಕುತ್ತಿದ್ದಳು. ನನ್ನ ರಿಜಿಸ್ಟರಿನಲ್ಲಿ ಒಬ್ಬಳು ಕಣದಲ್ಲಿದ್ದರೆ ನಿಜದಲ್ಲಿ ಸುಲಿಯುವ ಕೊಟ್ಟಿಗೆಯಲ್ಲಿ ಇರುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ಇನ್ನೊಂದು, ಮೋಡದ ವಿಷಯ. ಏರ್ಕಾಡಿನ ಬೆಟ್ಟದ ಕಡೆ ಕಪ್ಪಾದರೆ ದೊಡ್ಡವ್ವ ಮಾತು ನಿಲ್ಲಿಸಿ ಸೆರಗು ಸಿಕ್ಕಿಸುತ್ತಿದ್ದಳು. ಅಷ್ಟೇ. ಮಿಕ್ಕ ಹದಿನೇಳು ಹೆಂಗಸರೂ ಕೈಲಿದ್ದದ್ದನ್ನು ಬಿಟ್ಟು ಕಾಳು ಗುಡ್ಡೆ ಮಾಡಿ ತಾರ್ಪಾಲು ಎಳೆದುಬಿಡುತ್ತಿದ್ದರು. ನಾನು ಬಂದ ವರ್ಷ ಎರಡು ಸಲ ಹಾಗೆ ಮುಚ್ಚಿದ ಮೇಲೆ ಮಳೆ ಬರಲಿಲ್ಲ. ಅರ್ಧ ದಿನದ ಬಿಸಿಲು ಹಾಳಾಯಿತು. ನಾನು ಒಂದು ಚಾರ್ಟ್ ಬರೆದು ಗೋಡೆಗೆ ಅಂಟಿಸಿದೆ. ಯಾವ ಸಾಲು ಯಾರದು, ಎಷ್ಟು ಹೊತ್ತಿಗೆ ಕೆದಕಬೇಕು, ಎಲ್ಲ ಅದರಲ್ಲಿತ್ತು. ಆಫೀಸಿನ ಬಾಗಿಲಿಗೆ ಒಂದು ಹಿತ್ತಾಳೆ ಗಂಟೆ ಕಟ್ಟಿಸಿದೆ. ಸೂಪರ್‌ವೈಸರ್ ಗಂಟೆ ಹೊಡೆಯುವ ತನಕ ಯಾರೂ ಸಾಲು ಬಿಡಬಾರದು ಎಂದೆ. ಬಿಟ್ಟವರಿಗೆ ಮಾರನೆಯ ದಿನ ಕೆಲಸವಿಲ್ಲ ಎಂದೂ ಸೇರಿಸಿದೆ. ಬರೆದ ಅಕ್ಷರ ಎಷ್ಟು ಚೆನ್ನಾಗಿತ್ತೆಂದರೆ, ನಾನೇ ದೂರ ನಿಂತು ಎರಡು ಸಲ ನೋಡಿದೆ.

ದೊಡ್ಡವ್ವ ಜಗಳ ಮಾಡಲಿಲ್ಲ. "ಗಂಟೆ ಒಡಿಯೋಳು ಕಣದಾಗಿರಬೇಕು ಕಣವ್ವಾ" ಎಂದಳು, ಅಷ್ಟೇ. ನಾನು ಅದನ್ನು ವಯಸ್ಸಾದವಳ ಮುನಿಸು ಅಂದುಕೊಂಡೆ.

ಹದಿನೈದು ದಿನವೂ ಆಗಿರಲಿಲ್ಲ. ಮಧ್ಯಾಹ್ನ ಮೂರರ ಹೊತ್ತು, ನಾನು ಫೋನಿನಲ್ಲಿ ಸೇಲಂನ ಏಜೆಂಟರ ಜೊತೆ ಮಾತಾಡುತ್ತಿದ್ದೆ. ದೊಡ್ಡವ್ವ ಬಾಗಿಲಿಗೆ ಬಂದಳು. ಕಾಲೆಲ್ಲ ಬಿಳಿ ಹಿಟ್ಟು. "ಮೋಡ ಕಟ್ತೈತೆ, ಗಂಟೆ ಒಡಿ" ಎಂದಳು. ನಾನು ಫೋನಿಗೆ ಕೈ ಅಡ್ಡ ಹಿಡಿದು, "ನಾನು ನೋಡ್ತೀನಿ, ನೀನು ನಿನ್ನ ಸಾಲಿಗೆ ಹೋಗು" ಎಂದೆ. ಅವಳು ಒಂದು ಗಳಿಗೆ ನಿಂತು ನನ್ನ ಮುಖ ನೋಡಿದಳು. ಆಮೇಲೆ ಹೋದಳು. ಗಂಟೆಯ ಹಗ್ಗ ಅವಳ ಭುಜಕ್ಕೆ ತಾಗುವಷ್ಟು ಹತ್ತಿರದಲ್ಲಿತ್ತು. ಎಳೆಯಬಹುದಿತ್ತು. ಎಲ್ಲರ ಎದುರು ನನ್ನ ಮಾತು ಬಿದ್ದುಹೋಗುತ್ತದೆ ಎಂದು ಎಳೆಯಲಿಲ್ಲ, ಇದು ನನಗೆ ಈಗ ಗೊತ್ತು...

ನಾನು ಫೋನ್ ಇಟ್ಟು ಗಂಟೆ ಹೊಡೆದಾಗ ಹನಿ ಶುರುವಾಗಿತ್ತು. ಹೆಂಗಸರು ಗಡಿಬಿಡಿಯಿಂದ ಬಾಗಿದರು, ಆದರೆ ಎಲ್ಲರೂ ಚಾರ್ಟಿನಂತೆ ತಮ್ಮ ತಮ್ಮ ಸಾಲಿನ ಕಾಳನ್ನೇ ಗುಡ್ಡೆ ಮಾಡತೊಡಗಿದರು. ತಾರ್ಪಾಲು ಎಳೆಯಲು ಯಾರೂ ಇಲ್ಲ. ಮೂರು ದಿನದ ಕಾಳು ಕಣ್ಣೆದುರೇ ಗಂಜಿಯಾಗಿ ಚರಂಡಿಗೆ ಹೋಯಿತು.

ಸಂಜೆ ಮಾಲೀಕರು ಬಂದರು. ಕಣದ ನಡುವೆ ನಿಂತು, ಮೋಡ ನೋಡಬೇಕಾಗಿದ್ದವರು ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ದೊಡ್ಡವ್ವ ಮುಂದೆ ಬಂದಳು.

"ನಾನೇ ಸಾಮಿ. ಕಣ್ಣು ಮಂಜಾಗೈತೆ, ಕಾಣ್ಲಿಲ್ಲ."

ಬಾಯಿ ತೆರೆಯುವುದರೊಳಗೆ ಎಂದು ಬರೆದೆ. ಅದು ಸುಳ್ಳು. ಬಾಯಿ ತೆರೆಯಲು ಬೇಕಾದಷ್ಟು ಹೊತ್ತಿತ್ತು. ಹದಿನೇಳು ಹೆಂಗಸರು ನನ್ನನ್ನೇ ನೋಡುತ್ತಿದ್ದರು. ನಾನು ನೆಲ ನೋಡಿದೆ. ಮಾಲೀಕರು ಅವಳಿಗೆ, ನಾಳೆಯಿಂದ ಬರಬೇಡ ಎಂದರು. ಅವಳು ತಲೆಯಾಡಿಸಿ, ಕಾಲು ತೊಳೆದುಕೊಂಡು, ಬುತ್ತಿ ಡಬ್ಬಿ ಎತ್ತಿಕೊಂಡು ಹೊರಟಳು. ನಾನು ಗೇಟಿನ ತನಕ ಹಿಂದೆ ಓಡಿದೆ. ಯಾಕೆ ಹಾಗೆ ಹೇಳಿದೆ ಎಂದು ಅತ್ತೆ.

"ನೀ ಕೆಲ್ಸ ಬಿಟ್ಟೋದ್ರೆ ನಮ್ಮೂರ ಇನ್ನೊಂದ್ ಎಣ್ಮಗ್ಳು ಆ ಕುರ್ಚೀಲಿ ಕೂರಲ್ಲ" ಎಂದಳು. "ಅಳಬೇಡ. ಕಣದಾಗ್ ನಿಂತ್ಕೋ."

ಅವಳು ಬೇರೆಯವರ ಹೊಲದಲ್ಲಿ ಗೆಣಸು ಕೀಳುವ ಕೂಲಿಗೆ ಹೋದಳು, ಐವತ್ತೈದು ದಾಟಿದ ಮೇಲೆ. ಬಸ್‌ಸ್ಟಾಪಿನಲ್ಲಿ ಸಿಕ್ಕರೆ "ಸಾಪ್ಟಿಯಾ ಅವ್ವಾ, ಉಂಡ್ಯಾ?" ಎಂದು ಅವಳೇ ಮೊದಲು ಕೇಳುತ್ತಿದ್ದಳು. ಬೆರಳುಗಳು ಸೀಳಿರುತ್ತಿದ್ದವು. ನಾನು ಬಸ್ಸು ಬಂತೆಂದು ಓಡಿಬಿಡುತ್ತಿದ್ದೆ. ಮುಂದೆ ನಾನು ಮ್ಯಾನೇಜರಾದೆ. ಒಂದು ಸಲ ಹೋಟೆಲಿನ ತಂಪು ಸಭಾಂಗಣದಲ್ಲಿ ನಮ್ಮಂಥವರಿಗೆಲ್ಲ ಟ್ರೈನಿಂಗ್ ಕೊಟ್ಟರು. ಟೈ ಕಟ್ಟಿದ ಒಬ್ಬರು, ಜನರನ್ನು ನಿಭಾಯಿಸುವುದು ಬೇರೆ, ಮುನ್ನಡೆಸುವುದು ಬೇರೆ ಎಂದು ಪರದೆಯ ಮೇಲೆ ಬಾಣ ಹಾಕಿ ತೋರಿಸಿದರು. ಎಲ್ಲರೂ ಬರೆದುಕೊಂಡರು. ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬಂದೆ.

ದೊಡ್ಡವ್ವ ಹೋದ ವರ್ಷ ತೀರಿಕೊಂಡಳು. ನಾನು ಆಗಲೇ ಮಿಲ್ಲು ಬಿಟ್ಟಿದ್ದೆ. ಸುದ್ದಿ ನನಗೆ ತಿಳಿದದ್ದೇ ಮಣ್ಣಾದ ನಾಲ್ಕನೇ ದಿನಕ್ಕೆ.

ಸಬ್ಬಕ್ಕಿ ಚೆಲ್ಲಿದ ಮಾರನೆಯ ದಿನ ಬಸ್ಸು ಹತ್ತಿ ಮಾಲೀಕರ ಮನೆಗೆ ಹೋದೆ. ಮಿಲ್ಲು ಈಗ ಮಗನದು, ಅವರು ಜಗಲಿಯಲ್ಲಿ ಕೂತಿದ್ದರು. ಕಾಫಿ ಬರುವ ಮೊದಲೇ ಎಲ್ಲ ಹೇಳಿಬಿಟ್ಟೆ, ಫೋನು, ಬಾಗಿಲಲ್ಲಿ ನಿಂತ ದೊಡ್ಡವ್ವ, ನಾನು ಆಡಿದ ಮಾತು. ಬೈಯುತ್ತಾರೆಂದು ಕಾದೆ.

"ತೆರಿಯುಮ್ಮಾ. ನಂಗೆ ಅವತ್ತೇ ಗೊತ್ತಿತ್ತು" ಎಂದರು. "ಬೆಟ್ಟದಾಚೆ ಮೋಡ ಕಾಣೋ ಕಣ್ಣು ಅದು. ಆದ್ರೆ ಎಲ್ಲರ ಮುಂದೆ ಆಕೇನೇ ಒಪ್ಕೊಂಡ್ಳು, ನಾ ಏನ್ ಮಾಡ್ಲಿ? ನೀನು ಒಂದಿನ ಬಂದು ಹೇಳ್ತೀಯ, ಆಗ ಆಕೇನ ವಾಪಸ್ ಕರ್ಸೋಣ ಅಂತ ಇದ್ದೆ. ವರ್ಷಗಟ್ಲೆ ಮೇಸ್ತ್ರಿ ಜಾಗಕ್ಕೆ ಯಾರನ್ನೂ ಹಾಕ್ಲಿಲ್ಲ, ನೋಡ್ಲಿಲ್ವಾ?"

ನೋಡಿದ್ದೆ. ಸಂಬಳ ಉಳಿಸುತ್ತಿದ್ದಾರೆ ಅಂದುಕೊಂಡಿದ್ದೆ.