ಅರವತ್ತು ಮೀಟರಿನ ಪರವಾನಗಿ

ಈ ಬೆಳಿಗ್ಗೆ ಪಕ್ಕದ ಕಲ್ಯಾಣ ಮಂಟಪದ ಮೇಲೆ ಮತ್ತೆ ಆ ಸದ್ದು ಶುರುವಾಯಿತು. ತಗಡಿನ ಡಬ್ಬಿಯೊಳಗೆ ಜೇನುನೊಣ ಕೂಡಿಹಾಕಿದಂಥ ಸದ್ದು. ಚಹಾದ ಬಟ್ಟಲು ಅಲ್ಲೇ ಬಿಟ್ಟು ಮಾಳಿಗೆ ಏರಿದೆ. ಮದುವೆ ಫೋಟೋದವರ ಡ್ರೋನು ವರನ ಪೇಟದ ಮೇಲೆ ಒಂದು ಸುತ್ತು ಹಾಕಿ, ಊಟದ ಪೆಂಡಾಲಿನ ಮೇಲೆ ಇನ್ನೊಂದು ಸುತ್ತು ಹಾಕಿ, ನಮ್ಮ ನೀರಿನ ಟಾಕಿಯ ಹತ್ತಿರ ಬಂದು ನನ್ನನ್ನೇ ಒಂದು ಗಳಿಗೆ ನೋಡಿ ಹೋಯಿತು. ಇವರು ಪರವಾನಗಿ ತೆಗೆದುಕೊಂಡಿದ್ದಾರೆಯೇ ಎಂದು ಮನಸ್ಸು ಕೇಳಿತು. ರಾಯಚೂರಿನಲ್ಲಿ ಮದುವೆಯ ಡ್ರೋನು ಕಂಡು ಹೀಗೆ ಕೇಳುವವಳು ಬಹುಶಃ ನಾನೊಬ್ಬಳೇ. ಅದಕ್ಕೊಂದು ಕಾರಣ ಇದೆ, ಹೇಳುತ್ತೇನೆ. ತುಸು ಸುತ್ತು ಹಾದಿ, ನಿಮಗೆ ಅವಸರವಿಲ್ಲದಿದ್ದರೆ.

ನಾನು ಇಲ್ಲಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಕೂತಲ್ಲಿ ಕೂಡುವ ಜೀವ ನನ್ನದಲ್ಲ. ಅವ್ವ ಬದುಕಿದ್ದಾಗ “ನಿನ್ನ ಅಂಗಾಲಿಗೆ ಇರುವಿ ಹತ್ಯಾವೇನು” ಎಂದು ಬೈಯುತ್ತಿದ್ದಳು. ಎರಡು ವರ್ಷದ ಹಿಂದೆ ಮಕ್ಕಳಿಗೆ ಪಾಠಕ್ಕೆ ಬರುತ್ತದೆ ಎಂಬ ನೆಪ ಹೂಡಿ ಒಂದು ಸಣ್ಣ ಡ್ರೋನು ಕೊಂಡೆ. ಪಾಠಕ್ಕೆ ಅದು ಬಂದದ್ದು ಒಂದೇ ದಿನ. ಉಳಿದ ದಿನವೆಲ್ಲ ನಾನೇ ಅದರ ಹಿಂದೆ ಓಡಾಡಿದೆ.

ಮನೆಯಲ್ಲಿ ನಾನು ಮತ್ತು ಅಪ್ಪ. ಅಪ್ಪ ಸರ್ವೆ ಇಲಾಖೆಯಲ್ಲಿ ಚೈನಮನ್ ಆಗಿದ್ದವನು. ಅಂದರೆ ಹೊಲ ಅಳೆಯುವಾಗ ಕಬ್ಬಿಣದ ಸರಪಳಿಯ ಒಂದು ತುದಿ ಹಿಡಿದು ಮುಂದೆ ಮುಂದೆ ನಡೆಯುವವನು. ಸರ್ವೆಯರ್ ಸಾಹೇಬರು ಕೊಡೆಯ ಕೆಳಗೆ ನಿಂತು ಬರೆದುಕೊಳ್ಳುತ್ತಾರೆ. ಅಪ್ಪ ಹೊಲ, ಹಳ್ಳ, ದಿನ್ನೆ ಎಲ್ಲ ತುಳಿದು ಹೋಗಿ, ಸರಪಳಿ ಬಿಗಿಹಿಡಿದು, ಎಷ್ಟಾಯಿತೆಂದು ಕೂಗುತ್ತಾನೆ. ಅವರು ತೋರಿಸಿದಲ್ಲಿ ಗುಂಡಿ ತೋಡಿ ಗಡಿಕಲ್ಲು ಹುಗಿಯುತ್ತಾನೆ. ಮಾನ್ವಿ, ದೇವದುರ್ಗ, ರಾಯಚೂರು, ಈ ಮೂರು ತಾಲೂಕುಗಳನ್ನು ಅವನು ಸರಪಳಿ ಹಿಡಿದು ನಡೆದಿದ್ದಾನೆ. ಈಗ ಎಪ್ಪತ್ತು ದಾಟಿದೆ. ಈಗಲೂ ಸಂತೆಗೆ ಹೋದರೆ ಅಷ್ಟೇ ಉದ್ದದ ಹೆಜ್ಜೆ. ನಾನು ಪಕ್ಕದಲ್ಲಿ ಓಡಬೇಕು.

ಮೊದಲ ಸಲ ಡ್ರೋನು ಸರಿಯಾಗಿ ಹಾರಿಸಿದ್ದು ನಮ್ಮ ಊರು ಕಲ್ಲೂರಿನ ಹೊರಗೆ. ಡ್ರೋನು ಎಲ್ಲಿ ಹಾರಿಸಬಹುದೆಂದು ತೋರಿಸುವ ಸರಕಾರದ ನಕ್ಷೆಯಲ್ಲಿ ಆ ಕಡೆಯೆಲ್ಲ ಹಸಿರು. ಅಲ್ಲಿ ಯಾರನ್ನೂ ಕೇಳಬೇಕಿಲ್ಲ. ಅಪ್ಪ ಮೊದಲು ದೂರ ನಿಂತಿದ್ದ. ಆಮೇಲೆ ಹತ್ತಿರ ಬಂದು ನನ್ನ ಕೈಯಲ್ಲಿನ ಪರದೆಗೆ ತನ್ನ ರುಮಾಲಿನ ನೆರಳು ಮಾಡಿಕೊಂಡು ನೋಡಿದ.

“ಬಾಂದಗಲ್ಲು ಕಾಣತಾವೇನು?” ಎಂದ.

“ಕಾಣತಾವ ಯಪ್ಪಾ. ಇಲ್ನೋಡು, ಬದುವಿನ ಮೂಲ್ಯಾಗ.”

ಬಹಳ ಹೊತ್ತು ನೋಡಿದ. ನಲವತ್ತು ವರ್ಷ ನೆಲದ ಮೇಲೆ ನಡೆದದ್ದನ್ನು ಮೇಲಿನಿಂದ ಮೊದಲ ಸಲ ನೋಡುತ್ತಿದ್ದಾನೆ, ಖುಷಿಯಾಗಿರಬೇಕು ಎಂದುಕೊಂಡೆ. ಬ್ಯಾಟರಿ ಮುಗಿದು ಡ್ರೋನು ಇಳಿಸಿದ ಮೇಲೆ ಅವನು ಒಂದು ಹಳ್ಳಿಯ ಹೆಸರು ಹೇಳಿದ. “ಅಲ್ಲೊಂದು ಜಾಗ ನೋಡೋದದ ನನಗ,” ಎಂದ.

ಆ ಹಳ್ಳಿಯ ಹೆಸರು ಇಲ್ಲಿ ಬೇಡ. ರಾಯಚೂರಿನಿಂದ ದೂರವೇನಲ್ಲ, ಆಟೋದಲ್ಲಿ ಹೋಗಿ ಬರಬಹುದು. “ಹೋಗಿ ನೋಡಿದ್ರಾತು, ಅದಕ್ಯಾಕ ಡ್ರೋನು?” ಎಂದೆ. “ಆ ಊರಿಗೆ ನಾ ಕಾಲಿಡಂಗಿಲ್ಲ,” ಎಂದ. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಲೇ ಕೂತ.

ಮನೆಗೆ ಬಂದು ನಕ್ಷೆ ತೆರೆದರೆ ಆ ಹಳ್ಳಿ ಹಳದಿ ಬಣ್ಣದೊಳಗೆ ಬಿದ್ದಿತ್ತು. ವಿಮಾನದ ಜಾಗಗಳ ಸುತ್ತ ಅಂಥ ಹಳದಿ ಇರುತ್ತದೆ. ಅಲ್ಲಿ ಹಾರಿಸಬೇಕೆಂದರೆ ಆ ಆಕಾಶ ಯಾರ ನಿಗರಾಣಿಯಲ್ಲಿದೆಯೋ ಅವರ ಅಪ್ಪಣೆ ಬೇಕು. ನಾನೋ, ಬೆಳಿಗ್ಗೆ ಬೇಗ ಹೋಗಿ ಹತ್ತು ನಿಮಿಷ ಹಾರಿಸಿ ಬಂದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಪಂಗಡದವಳು. ಅಪ್ಪ ಒಪ್ಪಲಿಲ್ಲ.

“ಮದುವಿ ಮನ್ಯಾಗ ಎಲ್ಲಾರು ಹಾರಸ್ತಾರಪಾ,” ಎಂದೆ.

“ಹಾರಸ್ಲಿ. ನೋಟಿಸು ಕೊಡದ ನಾ ಯಾರ ಹೊಲಕ್ಕೂ ಇಳದವನಲ್ಲ. ಆ ಊರಾಗಂತೂ ಕಳ್ಳರಂಗ ಹೋಗೂದು ಬ್ಯಾಡ.”

ಸರಿ, ಅರ್ಜಿ ಶುರುವಾಯಿತು. ಡ್ರೋನಿಗೆ ನೋಂದಣಿ, ನನ್ನ ಗುರುತಿನ ಚೀಟಿ, ಹಾರಿಸುವ ಜಾಗದ ಅಕ್ಷಾಂಶ ರೇಖಾಂಶ, ಎತ್ತರ, ದಿನ, ವೇಳೆ, ಉದ್ದೇಶ. ಉದ್ದೇಶದ ಮುಂದೆ ‘ಮನರಂಜನೆ’ ಎಂದು ಗುರುತು ಹಾಕಿದೆ. ಬೇರೆ ಯಾವುದಕ್ಕೆ ಹಾಕಲಿ, ಉದ್ದೇಶ ನನಗೇ ಗೊತ್ತಿರಲಿಲ್ಲ. ಅರ್ಜಿ ಕಳಿಸಿದ ದಿನದಿಂದ ನನಗೆ ನಿಂತಲ್ಲಿ ನಿಲ್ಲಲಾಗದಾಯಿತು. ತರಗತಿಗೂ ತರಗತಿಗೂ ನಡುವೆ ಮೊಬೈಲು, ರೊಟ್ಟಿ ಹಂಚಿನ ಮೇಲಿದ್ದಾಗ ಮೊಬೈಲು. ಒಂದು ವಾರಕ್ಕೆ ಉತ್ತರ ಬಂತು: ತಿರಸ್ಕೃತ. ನೋಡಿದರೆ ಅಕ್ಷಾಂಶದ ಜಾಗದಲ್ಲಿ ರೇಖಾಂಶ ಬರೆದಿದ್ದೆ. ನಾನು ಅನುಮತಿ ಕೇಳಿದ್ದು ಉತ್ತರ ಧ್ರುವದ ಹತ್ತಿರದ ಯಾವುದೋ ಹಿಮದ ದ್ವೀಪದ ಮೇಲೆ ಹಾರಿಸಲಿಕ್ಕೆ.

ಎರಡನೆಯ ಅರ್ಜಿ ಹಾಕಿ ಹತ್ತು ದಿನ ಕಾದ ಮೇಲೆ ಫೋನು ಬಂತು. ಅಪ್ಪಣೆ ಕೊಡುವ ಕಚೇರಿ ಇದ್ದದ್ದು ದೂರದ ದೊಡ್ಡ ಊರಲ್ಲಿ. ಮಾತಾಡಿದ ಅಧಿಕಾರಿಯ ದನಿಯಲ್ಲಿ ಮಾತ್ರ ಬೀದರ ಕಡೆಯ ಸೊಗಡಿತ್ತು.

“ಮೇಡಂ, ನೀವು ಹಾರಸೋರೋ, ಹುಗಿಯೋರೋ?” ಎಂದರು.

“ಯಾಕ್ರೀ?”

“ಸಮುದ್ರ ಮಟ್ಟದಿಂದ ಅರವತ್ತು ಮೀಟರ್ ಅಂತ ಬರದೀರಿ. ನಿಮ್ಮ ಊರಿನ ನೆಲನ ಸಮುದ್ರಕ್ಕಿಂತ ನಾನೂರು ಮೀಟರ್ ಮ್ಯಾಲದ. ಅಂದ್ರ ನಿಮ್ಮ ಡ್ರೋನು ನೆಲದಾಗ ಹಾರಬೇಕಾಗತದ.”

ಭೌತಶಾಸ್ತ್ರ ಕಲಿಸುತ್ತೇನೆಂದು ಅವರಿಗೆ ನಾನು ಹೇಳಲಿಲ್ಲ. ಅವರು ನಗಲಿಲ್ಲ, ಹೇಗೆ ತುಂಬಬೇಕೆಂದು ಸಾವಧಾನವಾಗಿ ಹೇಳಿಕೊಟ್ಟರು. ಕೊನೆಗೆ “ಏನು ನೋಡೋದದ ಅಲ್ಲಿ?” ಎಂದು ಕೇಳಿದರು. “ನಮ್ಮಪ್ಪಗ ಗೊತ್ತು,” ಎಂದೆ. “ಆತು, ಹಾಕ್ರಿ,” ಎಂದು ಇಟ್ಟರು.

ಅಷ್ಟು ದಿನವೂ ಅಪ್ಪ ಸುಮ್ಮನೆ ಕಾದ. ನಾನು ಚಡಪಡಿಸುವುದನ್ನು ನೋಡಿ ಒಂದು ಸಂಜೆ ತಾನೇ ಮಾತು ತೆಗೆದ. ನಾನಿನ್ನೂ ಶಾಲೆಗೆ ಹೋಗದ ಕಾಲದ್ದು. ಕಡುಬೇಸಿಗೆಯ ಮಧ್ಯಾಹ್ನ ಆ ಹಳ್ಳಿಯಲ್ಲಿ ಊರ ಗೌಡರ ದೊಡ್ಡ ಹೊಲದ ಗಡಿ ಗುರುತಿಸುತ್ತಿದ್ದರು. ಊರ ಕಡೆಯ ಹಳೆಯ ಕಲ್ಲಿನಿಂದ ಹೊಲದತ್ತ ಅಳೆಯುವಾಗ ನಡುವೆ ಜಾಲಿ ಮುಳ್ಳಿನ ಮೆಳೆ. ಸರಪಳಿ ನೆಟ್ಟಗೆ ಅದರೊಳಗೇ ಹಾಯಬೇಕು. ಅಪ್ಪನ ಚಪ್ಪಲಿ ಹರಿದಿತ್ತು, ಹೊಟ್ಟೆಯಲ್ಲಿ ಬೆಳಗಿನಿಂದ ನೀರು ಬಿಟ್ಟು ಏನೂ ಇರಲಿಲ್ಲ. ಮೆಳೆಯ ಸುತ್ತ ಬಳಸಿ ಹೋದ. ನೆಟ್ಟಗೆ ಹಾಯ್ದವನಂತೆ ಲೆಕ್ಕ ಕೂಗಿದ. ಬಳಸಿದಷ್ಟು ಸರಪಳಿ ವ್ಯರ್ಥವಾಗಿ ಕಲ್ಲು ಹತ್ತು ಹನ್ನೆರಡು ಅಡಿ ಈಚೆಗೆ, ಊರ ಕಡೆಗೇ, ಬಿತ್ತು. ಆ ಹತ್ತು ಹನ್ನೆರಡು ಅಡಿಯಲ್ಲಿ ಒಂದು ಕಾಲುದಾರಿ ಇತ್ತು. ಆ ಊರಿನ ನಮ್ಮ ಮಂದಿಯ ಓಣಿಯಿಂದ ಹಳ್ಳದ ದಂಡೆಯ ಮಸಣಕ್ಕೆ ಹೋಗುವ ದಾರಿ. ಓಣಿಯವರೇ ಗರಸು ಕಲ್ಲು ಹೊತ್ತು ಹಾಕಿ ಮಾಡಿಕೊಂಡದ್ದು. ಕಲ್ಲು ಬಿದ್ದ ಮೇಲೆ ದಾರಿ ಗೌಡರ ಹೊಲದೊಳಗಾಯಿತು. ಬರುವ ಮುಂಗಾರಿಗೆ ಅವರು ಅದನ್ನು ಉತ್ತು ಬೇಲಿ ಹಾಕಿದರು.

“ಸಾಹೇಬರಿಗೆ ಹೇಳಲಿಲ್ಲೇನು?”

“ಹೇಳಿದ್ರ ಮತ್ತ ಮೊದಲಿಂದ ಎಳೀಬೇಕಾಗತಿತ್ತು. ನಾಳೆ ಹೇಳಿದ್ರಾತು ಅಂದ್ಕೊಂಡೆ. ಮರುದಿನ ಬ್ಯಾರೆ ಊರಿಗೆ ಹಾಕಿದ್ರು.” ಆಮೇಲೆ “ನಮ್ಮ ಮಂದಿದ ದಾರಿ, ನನ್ನ ಕೈಯಿಂದ ಹೋತು,” ಎಂದ.

ಅಪ್ಪಣೆ ಬಂದದ್ದು ಒಂದು ಶನಿವಾರಕ್ಕೆ, ಬೆಳಿಗ್ಗೆ ಆರೂವರೆಯಿಂದ ಏಳೂಕಾಲು, ನೆಲದಿಂದ ಅರವತ್ತು ಮೀಟರ್. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ. ಅಪ್ಪಣೆಯ ಕಾಗದ ಮುದ್ರಿಸಿ ತಾ ಎಂದಿದ್ದ. ಅದನ್ನು ನಾಲ್ಕು ಮಡಿಕೆ ಮಾಡಿ ಎದೆಯ ಕಿಸೆಯಲ್ಲಿಟ್ಟುಕೊಂಡ. ಹಳ್ಳಿಯ ಹೊರಗೆ, ಬೇಲಿಯ ಈಚೆ, ರಸ್ತೆಯ ಮೇಲೇ ನಿಂತೆವು. ಗೌಡರ ಹೊಲದಲ್ಲಿ ಮೊಣಕಾಲುದ್ದ ಹತ್ತಿ. ಎಲ್ಲಿ ನೋಡಿದರೂ ಒಂದೇ ಹಸಿರು. ಇಲ್ಲಿ ಏನು ಉಳಿದಿರುತ್ತದೆ ಎಂದು ನನಗೆ ಕಸಿವಿಸಿಯಾಯಿತು.

ಡ್ರೋನು ಮೇಲೇರಿತು. ಎಳೆ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಐವತ್ತು ಮೀಟರ್ ದಾಟಿದಾಗ ಪರದೆಯ ಮೇಲೆ ಹತ್ತಿಯ ನಡುವೆ ಒಂದು ಗೆರೆ ಕಂಡಿತು. ನಮ್ಮವರ ಓಣಿಯ ತುದಿಯಿಂದ ಹಳ್ಳದ ದಂಡೆಯ ಬೇವಿನ ಮರಗಳವರೆಗೆ, ತೆಳು ಹಳದಿಯಾಗಿ, ಬಾಗದೆ ಹೋಗಿತ್ತು. ಅಷ್ಟು ವರ್ಷ ಉತ್ತರೂ ಗರಸು ಮಣ್ಣಿನೊಳಗೆ ಉಳಿದಿದೆ; ಅದರ ಮೇಲಿನ ಗಿಡಗಳಿಗೆ ಬೇರು ಇಳಿಯುವುದಿಲ್ಲ, ಗೇಣುದ್ದ ಗಿಡ್ಡಾಗಿವೆ.

“ಬೆಳಿ ಕುಳ್ಳಗದ,” ಎಂದ ಅಪ್ಪ. ಪರದೆ ಮುಟ್ಟಲು ಬೆರಳು ಎತ್ತಿ ಮುಟ್ಟದೆ ಇಳಿಸಿದ. “ಇದ. ಇದ ದಾರಿ.”

ಸದ್ದು ಕೇಳಿ ಓಣಿಯ ಕಡೆಯಿಂದ ಒಬ್ಬ ಮುದುಕಿ ಬಂದಳು. ಈರಮ್ಮ ಎಂದು ಆಮೇಲೆ ತಿಳಿಯಿತು. ತಲೆಯ ಮೇಲೆ ಸೆರಗು, ಕೈಯಲ್ಲಿ ಕುಡುಗೋಲು. ಏನು ನೋಡುತ್ತಿದ್ದೀರಿ ಎಂದಳು. ಅಪ್ಪ ಪರದೆಯನ್ನು ಅವಳ ಕಡೆ ತಿರುಗಿಸಿ ಗೆರೆ ತೋರಿಸಿದ. ಅವಳಿಗೆ ಬೇಗ ತಿಳಿಯಿತು, ನನಗಿಂತ ಬೇಗ.

“ನಮ್ಮ ಯಜಮಾನ್ರನ ಹೊತ್ಕೊಂಡು ಹೋಗಾಗ ಮಳಿ ಹಿಡದಿತ್ತು,” ಎಂದಳು. “ಊರ ಸುತ್ತ ಹಾಕಿ, ಹಳ್ಳದಾಗ ಇಳದು, ಎದಿಮಟ ನೀರಾಗ ಹೋದ್ರು. ಹುಡುಗ್ರು ಎಡವಿ ಚಟ್ಟ ನೀರಿಗೆ ತಾಗಿತ್ತು.”

ಅಪ್ಪ ರುಮಾಲು ತೆಗೆದ. “ಆ ಕಲ್ಲು ಹುಗದವ ನಾನ ಯವ್ವಾ. ತಪ್ಪು ಹುಗದೀನಿ.”

ಈರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟು ಮಾಡುತ್ತಾಳೆ ಎಂದುಕೊಂಡೆ. ಮಾಡಿದ್ದರೆ ಸುಲಭವಾಗುತ್ತಿತ್ತು.

“ಅವತ್ತ ಹೇಳಬೇಕಿಲ್ಲೇನಪ್ಪಾ,” ಎಂದಳು, ಅಷ್ಟೆ. ಹುಲ್ಲು ಕೊಯ್ಯಲು ಹೊರಟುಹೋದಳು. ಏಳೂಕಾಲಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಅಪ್ಪ “ಇಳಸು” ಎಂದ.

ಡ್ರೋನು ತೆಗೆದ ಆ ಗೆರೆಯ ಫೋಟೋ ಹಿಡಿದು ಅಳತೆಗೆ ಅರ್ಜಿ ಕೊಟ್ಟರಾಯಿತು ಎಂದು ನಾನು ಕುಣಿದೆ. ಪರಿಚಯದ ವಕೀಲರೊಬ್ಬರು ತಲೆಯಾಡಿಸಿದರು. ಮನರಂಜನೆಗೆಂದು ಅಪ್ಪಣೆ ಪಡೆದು ತೆಗೆದ ಚಿತ್ರ. ಅದರಿಂದ ಗಡಿ ಬದಲಾಗುವುದಿಲ್ಲ. ಅಳತೆ ತಪ್ಪಿದೆ ಎಂದು ಅಳೆದವರೇ ಹೇಳಿದರೆ ಒಂದು ತೂಕ ಎಂದರು. ಅಳೆದ ಸಾಹೇಬರು ನಿವೃತ್ತರಾಗಿ ದೇವದುರ್ಗದಲ್ಲಿದ್ದರು. ಮರು ಭಾನುವಾರವೇ ಹೋದೆವು. ಅಲ್ಲಿಯ ನಿಲ್ದಾಣದಲ್ಲಿ ಜಾಲಹಳ್ಳಿಯ ಬಸ್ಸಿಗೆ ನಿಂತ ಜನರ ನಡುವೆ ದಾರಿ ಮಾಡಿಕೊಂಡು ಅವರ ಮನೆ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು.

ಸಾಹೇಬರು ಅಪ್ಪನಿಗಿಂತ ಹತ್ತು ವರ್ಷ ದೊಡ್ಡವರು. ಗುರುತು ಹಿಡಿದರು, ಕುರ್ಚಿ ಕೊಡಿಸಿದರು. ಅಪ್ಪ ಅವರೆದುರು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲಿರಬೇಕು. ಅಂಚಿನ ಮೇಲೇ ಕೂತ. ಫೋಟೋ ನೋಡಿ ಅವರು ಕನ್ನಡಕ ಒರೆಸಿಕೊಂಡರು.

“ಆ ದಿನ ಲೆಕ್ಕದಾಗ ಏನೋ ಕೂಡಿಲ್ಲ ಅಂತ ನನಗೂ ಅನಿಸಿತ್ತು,” ಎಂದರು. “ಬಿಸಲು ಭಾಳ ಇತ್ತು. ಬಿಟ್ಟುಬಿಟ್ಟೆ.”

“ನಾ ಬರದು ಕೊಡ್ತೀನ್ರಿ ಸಾಹೇಬರ. ತಪ್ಪು ನಂದು ಅಂತ.”

“ನೀ ಬರದು ಏನಾಗತದ? ಕಾಗದದಾಗ ನಿನ್ನ ಹೆಸರ ಇಲ್ಲ. ಯಾವ ನಕ್ಷಿದಾಗೂ ಚೈನಮನ್ ಹೆಸರು ಬರಿಯೂದಿಲ್ಲ. ನೀ ಅಲ್ಲಿ ಇದ್ದೆ ಅಂತ ಯಾರು ನಂಬ್ತಾರ?”

ನನ್ನ ಮೈ ಉರಿಯಿತು. ಮೂರು ತಾಲೂಕು ತುಳಿದವನು, ಒಂದು ತಪ್ಪು ಒಪ್ಪಿಕೊಳ್ಳಲಿಕ್ಕೂ ಕಾಗದದಲ್ಲಿ ಇಲ್ಲ. ನಾನು ಏನೋ ಹೇಳಲು ಹೊರಟೆ. ಅಪ್ಪ ಕೈಯೆತ್ತಿ ತಡೆದ.

“ಅದಕ್ಕ ಬಂದೀನ್ರಿ,” ಎಂದ ಮೆತ್ತಗೆ. “ನಾ ಇದ್ದೆ ಅಂತ ನೀವು ಬರೀರಿ. ಉಳದದ್ದು ನಾ ಬರೀತೀನಿ.”

ಸಾಹೇಬರು ಫೋಟೋವನ್ನು ಮತ್ತೊಮ್ಮೆ ಕೈಗೆತ್ತಿಕೊಂಡರು. ಒಳಗೆ ಕುಕ್ಕರು ಸೀಟಿ ಹೊಡೆಯಿತು. ಆಮೇಲೆ ಸಾಹೇಬರು ಹಾಳೆ ತರಿಸಿ, ಸುಂದರವಾದ ಹಳೆಯ ಅಕ್ಷರಗಳಲ್ಲಿ ಬರೆದರು: ಆ ದಿವಸದ ಅಳತೆಯಲ್ಲಿ ಸರಪಳಿ ಹಿಡಿದವನು ಇಂಥವನು, ಅಳತೆಯ ಬಗ್ಗೆ ನನಗೂ ಸಂಶಯವಿತ್ತು, ನಾನು ಪರೀಕ್ಷಿಸಲಿಲ್ಲ. ಬರೆಯುತ್ತ ತಲೆಯೆತ್ತಿ “ನಿಮ್ಮಪ್ಪನ ಪೂರ್ತಿ ಹೆಸರೇನು?” ಎಂದು ನನ್ನನ್ನು ಕೇಳಿದರು. ಇಪ್ಪತ್ತು ವರ್ಷ ಜೊತೆಗೆ ದುಡಿದವರು. ಅಪ್ಪನ ಪೂರ್ತಿ ಹೆಸರು ಅವರಿಗೆ ಗೊತ್ತಿರಲಿಲ್ಲ. ಅಪ್ಪ ಹೇಳಿದ, ತಂದೆಯ ಹೆಸರು ಸಹಿತ, ಊರು ಸಹಿತ.

ಮರು ಅಳತೆಗೆ ಒಂದೂವರೆ ವರ್ಷ ಹಿಡಿಯಿತು. ಗೌಡರ ಮನೆಯವರು ಮೊದಲು ತಕರಾರು ತೆಗೆದರು. ಸಾಹೇಬರದು, ಅಪ್ಪನದು, ಎರಡು ಕಾಗದಗಳನ್ನೂ ಚಾವಡಿಯಲ್ಲಿ ಓದಿ ಹೇಳಿದ ದಿನ ಗೌಡರ ಹಿರೀಮಗ, “ಅಳೀರಿ, ಬಂದಷ್ಟು ಬಿಡತೀವಿ,” ಎಂದ. ಈ ಸಲದ ಸರ್ವೆಯರ್ ಒಬ್ಬ ಹುಡುಗಿ; ಕೋಲಿನ ಮೇಲಿನ ಯಂತ್ರದಿಂದ ಅಳೆದಳು, ಸರಪಳಿಯಿಲ್ಲ. ಕಲ್ಲು ಹನ್ನೊಂದು ಅಡಿ ಆಚೆ, ಗೌಡರ ಹೊಲದ ಕಡೆ, ಹೋಗಿ ದಾರಿ ಹೊರಗೆ ಬಂತು. ಅಪ್ಪ ಹಳೆಯ ಗುಂಡಿಯನ್ನು ತಾನೇ ಮುಚ್ಚಿದ. ಈರಮ್ಮ ಬಂದು ನಿಂತು ನೋಡಿದಳು. ಕ್ಷಮಿಸಿದೆನೆಂದು ಹೇಳಲಿಲ್ಲ. ಒಂದು ತಂಬಿಗೆ ನೀರು ಕೊಟ್ಟಳು, ಅಪ್ಪ ಕುಡಿದ.

ಇನ್ನು ಅಪ್ಪನಿಗೆ ನೆಮ್ಮದಿ ಎಂದುಕೊಂಡಿದ್ದೆ. ಈಗ ಮಾಳಿಗೆಯಿಂದ ಇಳಿದು ಬಂದರೆ ಅಪ್ಪ ಅಂಗಿ ತೊಟ್ಟು, ಚೀಲ ಹೆಗಲಿಗೆ ಹಾಕಿ ಬಾಗಿಲಲ್ಲಿ ನಿಂತಿದ್ದಾನೆ. ಕವಿತಾಳದ ಕಡೆ ಒಂದು ಬಾವಿಯ ಗಡಿಯಂತೆ. ರಾತ್ರಿಯೆಲ್ಲ ನೆನಪಿಗೆ ಬರುತ್ತಿದೆಯಂತೆ. ಅಲ್ಲಿಯೂ ಸರಿಯಾಗಿ ಎಳೆದೆನೋ ಇಲ್ಲವೋ ಎಂದು ಸಂಶಯ.

“ಇಂಥವು ಎಷ್ಟದಾವ ಯಪ್ಪಾ?” ಎಂದೆ.

“ನೆನಪಾದಂಗ ಹೇಳತೀನಿ.”

ಅಲ್ಲಿ ನಕ್ಷೆ ಹಸಿರೇ ಇರಬೇಕು, ಡ್ರೋನು ಚಾರ್ಜಿಗೆ ಹಾಕುತ್ತೇನೆ, ಅರ್ಧ ತಾಸು ತಡಿ ಎಂದೆ. ಅಪ್ಪ ಬೇಡವೆಂದ. ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದ.

“ಈ ಸಲ ಹೊಲದವ್ರನ್ನ ಕೇಳಿ ಒಳಗ ಹೋಗೂಣು,” ಎಂದ.