ಐಸಿನ ನೀರು

ನಮ್ಮಣ್ಣ ಭೀಮೇಶನ ಬ್ಯಾಗನ್ನು ನಾನು ಮೂರು ಸಲ ಒಗೆದೆ. ಮೊದಲು ಸೋಪಿನ ಪುಡಿಯಲ್ಲಿ ನೆನೆಹಾಕಿ, ಆಮೇಲೆ ಬಿಸಿನೀರಲ್ಲಿ ಕುದಿಸಿ, ಕೊನೆಗೆ ಮಗುವಿನ ಬಟ್ಟೆಗೆಂದು ಇಟ್ಟಿದ್ದ ಡೆಟಾಲನ್ನೂ ಸುರಿದೆ. ಬಿಸಿಲಿಗೆ ಹಾಕಿ ಅರ್ಧ ಗಂಟೆ ಆಗಿರಲಿಲ್ಲ, ನೊಣ ಮುತ್ತಿದ್ದವು. ಮೀನಿನ ವಾಸನೆ ನನಗೆ ಹೊಸದಲ್ಲ, ನಾವು ತಿನ್ನುವ ಜನ. ಇದು ಮೀನಿನ ವಾಸನೆ ಅಲ್ಲವೇ ಅಲ್ಲ. ಡೀಸೆಲ್ಲು, ಹುಳಿತ ಬೆವರು, ಕೊಳೆತದ್ದೇನೋ, ಎಲ್ಲ ಸೇರಿ ಗಂಟಲಲ್ಲಿ ಕೂರುವಂಥದ್ದು. ಬ್ಯಾಗನ್ನು ಕೊಟ್ಟಿಗೆಯ ಹಿಂದಿನ ಬೇಲಿಗೆ ನೇತುಹಾಕಿ ಕೈ ತೊಳೆದುಕೊಂಡು ಮಗುವಿಗೆ ಹಾಲು ಕೊಡಲು ಕೂತರೆ, ಅವಳು ನನ್ನ ಬೆರಳು ಮೂಸಿ ಮುಖ ತಿರುಗಿಸಿದಳು.

ಅಣ್ಣ ಏಳು ವರ್ಷದಿಂದ ಮಲ್ಪೆ ಕಡೆ ಮೀನು ಹಿಡಿಯುವ ಬೋಟಿನಲ್ಲಿದ್ದಾನೆ. ಜೂನ್, ಜುಲೈ ಎರಡು ತಿಂಗಳು ಬೋಟುಗಳು ಸಮುದ್ರಕ್ಕೆ ಇಳಿಯಬಾರದು ಅಂತ ಸರ್ಕಾರದ ನಿಷೇಧ ಇರುತ್ತದೆ. ಆ ಎರಡು ತಿಂಗಳು ಅವನು ಜಗಳೂರು ಕಡೆಯ ನಮ್ಮೂರಿಗೆ ಬರುತ್ತಾನೆ. ಈ ಸಲ ಅಪ್ಪ ಅಮ್ಮನ ಹತ್ತಿರ ಒಂದಷ್ಟು ದಿನ ಇದ್ದು, ಜುಲೈ ನಡುವೆ ತ್ಯಾವಣಿಗೆಗೆ, ನನ್ನ ಗಂಡನ ಮನೆಗೆ ಬಂದ. ನನ್ನ ಮಗಳು ಚೈತ್ರಶ್ರೀಗೆ ಹನ್ನೊಂದು ತಿಂಗಳಾದರೂ ಸೋದರಮಾವ ಮುಖ ನೋಡಿರಲಿಲ್ಲ. ಅದಕ್ಕೇ ಬಂದಿದ್ದಾನೆ ಅಂತ ಹಿಗ್ಗಿದ್ದೆ. ಎರಡನೇ ದಿನ ಗೊತ್ತಾಯಿತು, ಅವನು ನನ್ನ ಗಂಡನನ್ನು ಬೋಟಿಗೆ ಕರೆದುಕೊಂಡು ಹೋಗಲು ಬಂದಿದ್ದ.

ನಮ್ಮನೆಯವರು, ಸಿದ್ದು, ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಾರೆ. ಕೆಲಸಕ್ಕೇನೂ ಕೊರತೆಯಿಲ್ಲ, ಬೇಜಾರಿಗೂ ಇಲ್ಲ. ಅದೇ ಗದ್ದೆ, ಅದೇ ಚಾನಲ್ ದಂಡೆ ಅಂತ ಗೊಣಗುತ್ತಲೇ ಇರುತ್ತಾರೆ. ಅಣ್ಣ ಫೋನಿನಲ್ಲಿ ತೋರಿಸಿದ ವಿಡಿಯೋ ನೋಡಿ ಅವರ ಕಣ್ಣೇ ಬದಲಾಯಿತು. ಬೋಟಿನ ಪಕ್ಕದಲ್ಲೇ ಡಾಲ್ಫಿನ್ ನೆಗೆಯುವುದು, ಕೆಂಪಗೆ ಸೂರ್ಯ ಮುಳುಗುವುದು, ಬಲೆ ಬಿಚ್ಚಿದಾಗ ಬೆಳ್ಳಿಯ ಹಾಗೆ ಮೀನು ಸುರಿಯುವುದು, ಹಿಂದೆ ಹಾಡು.

"ಭಾವ, ಈ ನೀರು ನಿಜವಾಗ್ಲೂ ಇಷ್ಟು ನೀಲಿ ಐತಾ? ಇಲ್ಲ ಫೋನಿನಾಗೆ ಹಂಗೆ ಕಾಣ್ತೈತಾ?"

"ಬಂದು ನೋಡು ಸಿದ್ದು. ಇಲ್ಲಿ ಕೆಸರುಗದ್ದೇಲಿ ರೊಳ್ಳೆ ಹೊಡ್ಕಂಡು ಎಷ್ಟು ದಿನ ಇರ್ತಿ? ಒಂದನೇ ತಾರೀಕಿಗೆ ಬೋಟು ಇಳೀತೈತೆ. ಒಬ್ಬ ಬೇಕು ಅಂದಾನೆ ತಾಂಡೇಲ. ನಮ್ಮ ಕ್ಯಾಪ್ಟನ್ನಿಗೆ ಹಂಗಂತಾರೆ."

"ಕೆಲಸ ಏನು?"

"ಏನಿಲ್ಲ, ಮೀನು ಜೋಡಿಸಾದು. ತಣ್ಣಗಿರ್ತೈತೆ."

ನಮ್ಮತ್ತೆ ಗಿಡ್ಡಮ್ಮ ಕೂಡ ತಲೆದೂಗಿದರು. "ಸಮುದ್ರದ ಗಾಳಿಗೆ ಮೈ ಗಟ್ಟಿ ಆಗ್ತೈತಂತೆ ಕಣಪ್ಪ. ನನ್ನ ಮಗ ನೋಡು, ಮೂರು ಹೊತ್ತು ತಿಂದ್ರೂ ಒಣಗಿದ ಜೋಳದ ದಂಟಿದ್ದಂಗವ್ನೆ."

ಸಮುದ್ರದ ಗಾಳಿ ಕುಡಿದ ಅಣ್ಣನನ್ನು ನಾನು ನೋಡಿದೆ. ಕೆನ್ನೆ ಒಳಗೆ ಹೋಗಿದ್ದವು. ಸೊಂಟದ ಸುತ್ತ, ಪ್ಯಾಂಟಿನ ಎಲಾಸ್ಟಿಕ್ ಉಜ್ಜುವ ಜಾಗದಲ್ಲಿ, ಬೆಲ್ಟು ಹಾಕಿದಂತೆ ಹುಣ್ಣಿನ ಕಲೆ. ಮನೆಯ ಮುಂದೆಯೇ ನಲ್ಲಿ ಇದ್ದರೂ ಎರಡು ಚೊಂಬಿನಲ್ಲಿ ಸ್ನಾನ ಮುಗಿಸುತ್ತಿದ್ದ. ಮಗುವನ್ನು ಎತ್ತಿಕೋ ಅಂದರೆ ಕೈ ಹಿಂದೆ ಕಟ್ಟಿಕೊಂಡು, "ಬ್ಯಾಡ, ನನ್ನ ಕೈ ತಣ್ಣಗೈತೆ" ಅನ್ನುತ್ತಿದ್ದ.

ನೀರಿನ ವಿಷಯದಲ್ಲಿ ಅವನು ಮೊದಲಿನಿಂದ ಹಾಗೇ. ನಾವು ಚಿಕ್ಕವರಿದ್ದಾಗ ಊರಿಗೆ ಎಂಟು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಕೊಡ ಹಿಡಿದು ಓಡುತ್ತಿದ್ದವನು ಅವನೇ. ಅಕ್ಕಿ ತೊಳೆದ ನೀರಿನಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರು ಎಮ್ಮೆಗೆ, ಮುಖ ತೊಳೆದ ನೀರು ಕರಿಬೇವಿನ ಬುಡಕ್ಕೆ. ನಾನೊಮ್ಮೆ ಅರ್ಧ ಲೋಟ ಚೆಲ್ಲಿದ್ದಕ್ಕೆ ಅಮ್ಮ ಹೊಡೆಯಲಿಲ್ಲ, ಅವನು ಹೊಡೆದ. ಮುಂದೆ ಬೋರ್‌ವೆಲ್ ಲಾರಿಯಲ್ಲಿ ಕೆಲಸಕ್ಕೆ ಸೇರಿ ಊರೂರು ಸುತ್ತಿದ. ಒಂಬೈನೂರು ಅಡಿ ಕೊರೆದರೂ ಬರೀ ಧೂಳು ಬಂದಾಗ ಜಮೀನಿನವರ ಮುಖ ನೋಡಲು ಆಗುವುದಿಲ್ಲ ಅಂತ ಅದನ್ನು ಬಿಟ್ಟ. "ಕಣ್ಣು ಹಾಯಿಸಿದಷ್ಟೂ ನೀರಿರೋ ಕಡೆ ಹೋಗ್ತೀನಿ" ಅಂತ ಹೇಳಿ ಸಮುದ್ರಕ್ಕೆ ಹೋದ. ನಾವೆಲ್ಲ ನಕ್ಕಿದ್ದೆವು.

ಅವನು ಬಂದ ನಾಲ್ಕನೇ ದಿನ ಭಾನುವಾರ. ಅತ್ತೆ ಸೂಳೆಕೆರೆಯ ಮೀನು ತರಿಸಿ, ಕೊಬ್ಬರಿ ಹುರಿದು, ಹುಣಸೆಹಣ್ಣು ಹಿಂಡಿ ಸಾರು ಮಾಡಿದರು. ಬಿಸಿ ಮುದ್ದೆ. "ಸಮುದ್ರದೋರಿಗೆ ನಮ್ಮ ಕೆರೆ ಮೀನು ಸೇರ್ತೈತೋ ಇಲ್ವೋ" ಅನ್ನುತ್ತಲೇ ಅವನ ತಟ್ಟೆಗೆ ತಲೆಯ ತುಂಡು ಹಾಕಿದರು. ಅಣ್ಣ ಒಂದು ತುತ್ತು ಮುದ್ದೆ ಅದ್ದಿ ಬಾಯಿಗಿಟ್ಟ. ಅವನ ಕುತ್ತಿಗೆಯ ನರ ಎದ್ದವು. ತಟ್ಟೆ ಸರಿಸಿ ಎದ್ದು ಹಿತ್ತಲಿಗೆ ಓಡಿದ.

ನಾನು ಚೊಂಬು ಹಿಡಿದು ಹಿಂದೆ ಹೋದೆ. ಬಾಳೆಗಿಡದ ಬುಡದಲ್ಲಿ ಬಗ್ಗಿ ವಾಂತಿ ಮಾಡುತ್ತಿದ್ದ. ಆಗಲೂ, ನಾನು ನೀರು ಸುರಿಯುವಾಗ, "ಸಾಕು, ಸಾಕು, ಚೆಲ್ಲಬ್ಯಾಡ" ಅನ್ನುತ್ತಿದ್ದ.

"ಮೀನು ಯಾವಾಗಿಂದ ತಿನ್ನಲ್ಲ?"

"ನಾಕು ವರ್ಷ."

"ಮತ್ತೆ ಬೋಟಿನಲ್ಲಿ?"

"ಅನ್ನ ಉಪ್ಪಿನಕಾಯಿ. ಅನ್ನಾನೂ ಡೀಸೆಲ್ ವಾಸನೇನೇ." ಕಲ್ಲಿನ ಮೇಲೆ ಕೂತ. "ಪವಿ, ನಿನ್ನ ಹತ್ರ ಹೇಳ್ತೀನಿ. ಯಾರ ಹತ್ರಾನೂ ಬಾಯಿ ಬಿಡಬ್ಯಾಡ."

ಅಲ್ಲಿ ಕೂತು ಅವನು ಹೇಳಿದ್ದು ಫೋನಿನ ವಿಡಿಯೋದಲ್ಲಿ ಇರಲಿಲ್ಲ. ಹತ್ತು ಹನ್ನೆರಡು ದಿನ ದಡ ಕಾಣುವುದಿಲ್ಲ. ಮೂರು ಮೂರು ಗಂಟೆಗೆ ಬಲೆ ಎಳೆಯಬೇಕು, ಮೀನು ಆರಿಸಬೇಕು, ಮಧ್ಯೆ ಸಿಕ್ಕಷ್ಟು ನಿದ್ದೆ. ಮಲಗುವುದು ಇಂಜಿನ್ನಿನ ಮೇಲಿನ ಗೂಡಿನಲ್ಲಿ, ಎತ್ತಿನ ಗಾಡಿಯಷ್ಟು ಜಾಗದಲ್ಲಿ ಒಂದು ಸಲಕ್ಕೆ ಆರು ಜನ. ಮಲಗಿದ್ದಾಗ ಜಿರಲೆಗಳು ಅಂಗಾಲಿನ ಒರಟು ಚರ್ಮವನ್ನು ಮೆಲ್ಲುತ್ತವೆ. ನೋವಾಗುವುದಿಲ್ಲವಂತೆ, ಬೆಳಿಗ್ಗೆ ಕಾಲೂರಿದಾಗ ಉಪ್ಪುನೀರು ತಾಗಿ ಗೊತ್ತಾಗುತ್ತದಂತೆ. ಕಕ್ಕಸ್ಸಿಗೆ ಬೋಟಿನ ಹಿಂಭಾಗದಲ್ಲಿ ಹಗ್ಗ ಹಿಡಿದು ನೀರಿನ ಮೇಲೆ ಕೂರಬೇಕು. ಅಲೆ ದೊಡ್ಡದಾದರೆ ಕೂತವನನ್ನೇ ತೊಳೆದು ಮೇಲೆ ಹಾಕುತ್ತದೆ. ಬಲೆಯಲ್ಲಿ ಮೀನಿನ ಜೊತೆ ನಮ್ಮೆಲ್ಲರ ಮನೆಯ ಕಸವೂ ಬರುತ್ತದೆ. ಪ್ಲಾಸ್ಟಿಕ್ ಚೀಲ, ಚಪ್ಪಲಿ, ನೀರು ಕುಡಿದು ದಿಂಬಿನಷ್ಟು ಊದಿದ ಮಕ್ಕಳ ಡೈಪರ್. ಅದನ್ನು ಕೈಯಲ್ಲಿ ಹಿಡಿದು ಬಿಡಿಸಬೇಕು. ಮಾರಲು ಬಾರದ ಸಣ್ಣ ಮೀನನ್ನು ಮೀನಿನ ಹಿಟ್ಟು ಮಾಡುವ ಕಾರ್ಖಾನೆಗೆಂದು ಹಾಗೇ ರಾಶಿ ಹಾಕಿರುತ್ತಾರೆ. ನಾಲ್ಕನೇ ದಿನಕ್ಕೆ ಅದು ಕರಗಿ, ರಸ ಇಳಿದು, ಮಲಗುವ ಗೂಡಿನವರೆಗೂ ಹರಿಯುತ್ತದೆ.

ಡೈಪರ್ ಅಂದಾಗ ನನಗೆ ನೆನಪಾಯಿತು. ಬಸ್ಸಿನಲ್ಲಿ ಹೋಗುವಾಗ ಚೈತ್ರಳಿಗೆ ಹಾಕಿದ್ದನ್ನು ನಾನೇ ಸೇತುವೆಯಿಂದ ಚಾನಲ್ಲಿಗೆ ಎಸೆದಿದ್ದೆ.

"ಮೀನು ಯಾಕೆ ಬಿಟ್ಟಿ ಅಂತ ಹೇಳಲಿಲ್ಲ" ಅಂದೆ.

ಅದನ್ನೂ ಹೇಳಿದ. ಬೋಟಿನ ಹೊಟ್ಟೆಯಲ್ಲಿ ಮೀನು ತುಂಬುವ ಕೋಣೆ ಇರುತ್ತದೆ. ಹೊರಡುವಾಗ ಅದರ ತುಂಬ ಐಸಿನ ಪುಡಿ. ದಿನಾ ಅದು ಕರಗಿ ತಳದಲ್ಲಿ ನಿಂತ ನೀರನ್ನು ಮೋಟರ್ ಹಾಕಿ ಸಮುದ್ರಕ್ಕೆ ಬಿಡುತ್ತಾರೆ. ಮೊದಲ ಮೂರು ವರ್ಷ ಅದನ್ನು ನೋಡಿದಾಗಲೆಲ್ಲ ಅಣ್ಣನ ಕರುಳು ಚುರ್ ಅನ್ನುತ್ತಿತ್ತಂತೆ. ಐಸು ಅಂದರೆ ಸಿಹಿನೀರೇ ಅಲ್ಲವೇ! ಕೊಡಗಟ್ಟಲೆ ಸಿಹಿನೀರು, ಸುಮ್ಮನೆ ಉಪ್ಪಿನ ಪಾಲು! ಒಂದು ಸಲ ಆರನೇ ದಿನಕ್ಕೇ ಕುಡಿಯುವ ನೀರಿನ ಡ್ರಮ್ಮು ತಳ ಕಂಡಿತು. ತಾಂಡೇಲ ತಲೆಗೆ ಎರಡು ಲೋಟ ಅಂತ ಅಳತೆ ಹಾಕಿದ. ಅಣ್ಣ ಯಾರಿಗೂ ಹೇಳದೆ ಕೆಳಗಿಳಿದು, ಮೀನು ಕಡಿಮೆ ಇದ್ದ ಮೂಲೆಯಲ್ಲಿ ಕರಗಿದ ನೀರನ್ನು ಲುಂಗಿಯಲ್ಲಿ ಸೋಸಿ, ಎರಡು ಕ್ಯಾನು ತುಂಬಿ ಡ್ರಮ್ಮಿಗೆ ಸುರಿದ.

"ತಿಳಿಯಾಗಿತ್ತು ಪವಿ. ನಮ್ಮೂರ ಟ್ಯಾಂಕರ್ ನೀರಿಗಿಂತ ತಿಳಿ. ನಾನೇ ಮೊದ್ಲು ಕುಡಿದೆ."

ಬೋಟಿನಲ್ಲಿದ್ದ ಒಂಬತ್ತು ಜನಕ್ಕೂ ವಾಂತಿ ಭೇದಿ ಹತ್ತಿತು. ಹಗ್ಗ ಹಿಡಿದು ಕೂರಲು ಯಾರಿಗೂ ಶಕ್ತಿ ಇಲ್ಲ. ಎಲ್ಲಿ ಬಿದ್ದರೋ ಅಲ್ಲೇ. ಬೋಟು ಹೊಯ್ದಾಡಿದಾಗ ಅದೆಲ್ಲ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ, ಮಲಗಿದವರ ಮೈ ಕೆಳಗೆ ಹರಿಯುತ್ತಿತ್ತು. ಎರಡು ದಿನ. ವಯಸ್ಸಾದ ಒಬ್ಬರು ಸಾಯುವ ಹಾಗಾಗಿ, ಅರ್ಧ ಮೀನಿಗೇ ಬೋಟು ತಿರುಗಿಸಿದರು. ಇದು ಅಣ್ಣನ ಕೆಲಸ ಅಂತ ಹೊರಬಿದ್ದಾಗ ತಾಂಡೇಲ ಹೊಡೆಯಲಿಲ್ಲ. "ಐಸಿನ ನೀರು ಅಷ್ಟು ಇಷ್ಟವಾ? ಅಲ್ಲೇ ಇರು" ಅಂದನಂತೆ. ಅವತ್ತಿನಿಂದ ಅಣ್ಣನ ಕೆಲಸ ಕೆಳಗೆ. ಮಂಡಿವರೆಗೆ ಐಸಿನಲ್ಲಿ ನಿಂತು, ಮೇಲಿಂದ ಸುರಿಯುವ ಮೀನನ್ನು ಪದರ ಪದರವಾಗಿ ಜೋಡಿಸುವುದು. ಗಾಳಿಯಿಲ್ಲ. ಕೊಳೆತದ್ದರ ಗ್ಯಾಸಿಗೆ ಎರಡು ಸಲ ಎಚ್ಚರ ತಪ್ಪಿ, ಹಗ್ಗ ಕಟ್ಟಿ ಮೇಲೆಳೆದಿದ್ದಾರೆ. ಬೆರಳ ತುದಿಗಳಿಗೆ ಈಗ ಬಿಸಿ ತಣ್ಣಗೆ ಗೊತ್ತಾಗುವುದಿಲ್ಲ.

"ಬೇರೆ ಬೋಟು ಸೇರಬಾರದಿತ್ತಾ?"

"ಹೋದಲ್ಲೆಲ್ಲ ಹೆಸರು ಮುಂಚೆ ಹೋಗಿರ್ತೈತೆ. ಐಸ್‌ನೀರ್ ಭೀಮ ಅಂತಾರೆ."

ನನ್ನ ಕಣ್ಣು ತುಂಬಿದ್ದವು. ಒರೆಸಿಕೊಳ್ಳುವಾಗ ತಟ್ಟನೆ ಇನ್ನೊಂದು ಹೊಳೆಯಿತು. ಮೀನು ಜೋಡಿಸಾದು, ತಣ್ಣಗಿರ್ತೈತೆ.

"ಅಣ್ಣಾ, ನಮ್ಮನೆಯವರಿಗೆ ಯಾವ ಕೆಲಸ?"

ಅವನು ಕಲ್ಲಿನಿಂದ ಏಳಲು ಹೋದ.

"ಕೇಳ್ತಿದೀನಿ."

"ಕೆಳಗಿನ ಕೆಲಸಕ್ಕೆ ಹೊಸಬನ್ನ ತಂದ್ರೆ ನನ್ನನ್ನ ಮೇಲಕ್ಕೆ ಹತ್ತಿಸ್ತೀನಿ ಅಂದಾನೆ ತಾಂಡೇಲ. ಒಂದು ವರ್ಷ ಅಷ್ಟೇ ಪವಿ. ಸಿದ್ದು ಗಟ್ಟಿಯವನು..."

ಅವನ ವಾಂತಿಯ ಪಕ್ಕದಲ್ಲಿ ಕೂತಾಗ ಆಗದಿದ್ದ ಅಸಹ್ಯ ಆಗ ಆಯಿತು. ನನ್ನ ಕೈಯ ಚೊಂಬನ್ನು ಅವನ ಮುಂದೆಯೇ ಬೋರಲು ಹಾಕಿ, ಇದ್ದ ನೀರನ್ನೆಲ್ಲ ಮಣ್ಣಿಗೆ ಸುರಿದು ಒಳಗೆ ಬಂದೆ.

ನಾನೇ ಹೇಳಬಹುದಿತ್ತು. ಹೇಳಿದರೆ ನಮ್ಮನೆಯವರು ನಂಬುವುದಿಲ್ಲ, ಗಂಡ ದೂರ ಹೋಗುತ್ತಾನೆ ಅಂತ ಕಥೆ ಕಟ್ಟುತ್ತಾಳೆ ಅನ್ನುತ್ತಾರೆ. ಅವನೇ ಹೇಳಬೇಕು ಅಂತ ಅಣ್ಣನಿಗೆ ಹೇಳಿದೆ. "ಹೇಳ್ತೀನಿ" ಅಂದ. ಸೋಮವಾರ ಹೇಳಲಿಲ್ಲ. ಬುಧವಾರ ನಮ್ಮನೆಯವರು ಚನ್ನಗಿರಿಗೆ ಹೋಗಿ ಹೊಸ ಬ್ಯಾಗು, ಮಂಡಿಯುದ್ದದ ರಬ್ಬರ್ ಬೂಟು ತಂದರು. ಆಗಲೂ ಅಣ್ಣ ಬೂಟು ಮುಟ್ಟಿ ನೋಡಿ, "ಒಳ್ಳೇ ಮಾಲು" ಅಂದ. ಅಷ್ಟೇ.

ಹೊರಡುವ ಬೆಳಿಗ್ಗೆ ಅತ್ತೆ ಇಬ್ಬರ ಹಣೆಗೂ ಭಂಡಾರ ಹಚ್ಚಿದರು. ನಮ್ಮನೆಯವರು ಹೊಸ ಅಂಗಿಯಲ್ಲಿ ಮದುವೆಗಂಡಿನ ಹಾಗೆ ನಿಂತಿದ್ದರು. ನಾನು ಮಗುವನ್ನು ತಂದು ಅಣ್ಣನ ಕೈಗೆ ಹಾಕಿದೆ. ಬೇಡ ಅನ್ನುವಷ್ಟರಲ್ಲಿ ಬಿಟ್ಟುಬಿಟ್ಟಿದ್ದೆ, ಅವನು ಹಿಡಿದುಕೊಳ್ಳಲೇಬೇಕಾಯಿತು.

"ಸೋದರಮಾವ ಆಗಿ ಇವಳ ತಲೆ ಮುಟ್ಟಿ ಹೇಳು. ಇವಳಪ್ಪನಿಗೆ ಕೆಲಸ ಬೋಟಿನ ಮೇಲೋ, ಕೆಳಗೋ?"

"ಇದೇನೇ ಹೊರಡೋ ಹೊತ್ನಾಗೆ ಆಣೆ ಪ್ರಮಾಣ?" ಅತ್ತೆ ರೇಗಿದರು.

ಚೈತ್ರ ಅವನ ಬೆರಳು ಹಿಡಿದು ಬಾಯಿಗಿಟ್ಟುಕೊಂಡು ಕಚ್ಚಿದಳು. ಎರಡು ಹಲ್ಲು. ಅವನಿಗೆ ಗೊತ್ತಾಗಲೇ ಇಲ್ಲ. ನಾವೆಲ್ಲ ನೋಡುತ್ತಿರುವುದನ್ನು ಕಂಡು ಆಮೇಲೆ ಬೆರಳು ನೋಡಿಕೊಂಡ. ಮುಖ ಸಣ್ಣಗಾಯಿತು.

"ಕೆಳಗೆ" ಅಂದ.

"ಕೆಳಗೆ ಅಂದ್ರೆ?" ನಮ್ಮನೆಯವರು ಕೇಳಿದರು.

ಅಲ್ಲಿಂದ ಅವನೇ ಎಲ್ಲ ಹೇಳಿದ. ಐಸಿನ ನೀರು, ಒಂಬತ್ತು ಜನ, ಗ್ಯಾಸು, ತಾಂಡೇಲನ ಮಾತು. ಹೇಳುವಾಗ ಮಗುವಿನ ತಲೆಯ ಮೇಲಿಂದ ಕೈ ತೆಗೆಯಲಿಲ್ಲ.

ನಮ್ಮನೆಯವರು ಬ್ಯಾಗು ಕೆಳಗಿಟ್ಟರು. "ನೀನು ಮೇಲೆ ಹತ್ತಾಕೆ ನನ್ನ ಗುಂಡಿಗಿಳಿಸಾಕೆ ಬಂದಿದ್ದೇನಯ್ಯಾ? ವಾರದಿಂದ ಪಕ್ಕದಾಗೆ ಕೂತು ಉಂಡ್ಯಲ್ಲೋ!"

"ಉಂಡಿದ್ದೆಲ್ಲಿ? ನನ್ನ ಸಾರು ಬಾಳೆಗಿಡಕ್ಕೆ ಹಾಕ್ದ" ಅಂದರು ಅತ್ತೆ. ನನಗೆ ಅಂಥ ಹೊತ್ತಲ್ಲೂ ನಗು ಬಂತು. ಅಣ್ಣನಿಗೂ ಬಂತು. ನಮ್ಮನೆಯವರಿಗೆ ಬರಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಬಸ್ ಸ್ಟಾಪಿನವರೆಗೆ ನಾನೇ ಹೋದೆ. ರೊಟ್ಟಿ, ಶೇಂಗಾ ಚಟ್ನಿಪುಡಿ, ಹುಣ್ಣಿಗೆ ಹಚ್ಚಲು ಕೊಬ್ಬರಿ ಎಣ್ಣೆ ಕಟ್ಟಿಕೊಟ್ಟೆ. ಹೋಗಬೇಡ, ಇಲ್ಲೇ ಏನಾದರೂ ನೋಡಿಕೋ ಅಂದೆ. "ಬ್ಯಾರೆ ಏನು ಬರ್ತೈತೆ ನಂಗೆ?" ಅಂದ. ಬಸ್ಸು ಹೊರಟ ಮೇಲೆ ಕೈ ಬೀಸಬೇಕು ಅನ್ನಿಸಲಿಲ್ಲ. ಬೀಸಿದೆ.

ಆಗಸ್ಟ್ ಹದಿನಾಲ್ಕಕ್ಕೆ, ಮಧ್ಯಾಹ್ನ, ನಾನು ಮಗುವಿಗೆ ರಾಗಿ ಸರಿ ತಿನ್ನಿಸುವಾಗ ಅವನ ಫೋನು ಬಂತು. ಮೊದಲ ಟ್ರಿಪ್ ಮುಗಿಸಿ ದಡಕ್ಕೆ ಬಂದಿದ್ದರು. ದನಿ ಎಷ್ಟೋ ವರ್ಷದ ಹಿಂದಿನ ಹಾಗೆ ಇತ್ತು.

"ಪವಿ, ಮೇಲಿದೀನಿ ಕಣೆ! ಹನ್ನೊಂದು ದಿನಾನೂ ಮೇಲೆ! ಬಿಸಿಲು ಕಂಡೆ!"

"ಹೌದಾ ಅಣ್ಣಾ!" ಅಂತ ಕೂಗಿಯೇಬಿಟ್ಟೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇನ್ನೊಂದು ಚಮಚ ಮಗುವಿನ ಬಾಯಿಗಿಟ್ಟ ಮೇಲೆ ಕೇಳಿದೆ. "ಮತ್ತೆ ಕೆಳಗೆ?"

"ಒಬ್ಬ ಬಂದಾನೆ, ಜಾರ್ಖಂಡ್ ಕಡೆಯೋನು. ಭಾಷೆ ಬರಲ್ಲ. ಪಾಪ, ಎರಡು ದಿನ ಬರೀ ವಾಂತಿ. ಫೋನಿನಾಗೆ ಮಗಳ ಫೋಟೋ ತೋರಿಸ್ತಾನೆ ಎಲ್ಲರಿಗೂ. ನಮ್ಮ ಚೈತ್ರನಷ್ಟೇ ಇರಬೇಕು."

"ಎಚ್ಚರ ತಪ್ಪಿದ್ರೆ ಎಳೀತೀರಾ?"

"ಎಳೀತೀವಿ, ಎಳೀತೀವಿ. ಹಗ್ಗ ನನ್ನ ಹತ್ರಾನೇ ಐತೆ ಈಗ."

ಕೆಳಗಿರುವವನ ಹೆಸರೇನು ಅಂತ ನಾನು ಕೇಳಲಿಲ್ಲ. ಕೇಳಿದರೆ ಅದು ನನ್ನ ಹತ್ತಿರ ಉಳಿಯುತ್ತದೆ ಅನ್ನಿಸಿತು. ಚೈತ್ರ ಇನ್ನೂ ಬೇಕು ಅಂತ ಬಾಯಿ ತೆರೆದಳು. ತಿನ್ನಿಸಿ ಮುಗಿಸಿ, ಬಟ್ಟಲು ತೊಳೆದು, ನನ್ನ ಕೈಯನ್ನು ಎರಡು ಸಲ ತೊಳೆದುಕೊಂಡೆ.